ದನಿಯಲ್ಲಿದ್ದ ಕರಕರ

ಬೆಳಗ್ಗೆ ಎದ್ದವನೇ ಮುನೀಂದ್ರ ಕೆಳಗಿನ ಕೋಣೆಗೆ ಇಳಿದು ಮೈಕಿನ ಸ್ಪಂಜಿನ ಮೇಲಿದ್ದ ಧೂಳು ಕೊಡವಿದ. ಕೊಡವುವಷ್ಟು ಧೂಳೇನೂ ಇರಲಿಲ್ಲ. ನಿನ್ನೆಯೂ ಕೊಡವಿದ್ದ, ಮೊನ್ನೆಯೂ ಕೊಡವಿದ್ದ. ಹೆಂಡತಿ ಯಮುನಾ ಕೂತರೆ ಬಾಯಿಗೆ ಸರಿಹೋಗುವಷ್ಟು ಸ್ಟ್ಯಾಂಡನ್ನು ತಗ್ಗಿಸಿದ. ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟುತ್ತದೆಂದು ಊಟದ ಮೇಜಿನ ಮರದ ಕುರ್ಚಿಯನ್ನೇ ಹೊತ್ತು ತಂದಿಟ್ಟ. ಕಿಟಕಿಗೆ ಹಳೆಯ ರಜಾಯಿ ಇಳಿಬಿಟ್ಟು, ಫ್ಯಾನು ಆರಿಸಿ, ಮೈಯೆಲ್ಲ ಬೆವರಿಕೊಂಡು ನಿಂತ. ಇಷ್ಟು ಮಾಡಿದರೂ ಅವಳು ಇಳಿದು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ನಾಳೆ ಬೆಳಗ್ಗೆ ಅವಳಿಗೆ ಆಪರೇಷನ್ನು, ಇವತ್ತು ಸಂಜೆಗೆ ಆಸ್ಪತ್ರೆ ಸೇರಬೇಕು. ಗಂಟಲಿನ ಗಡ್ಡೆಯ ಜೊತೆಗೆ ದನಿ ಹುಟ್ಟುವ ಜಾಗವನ್ನೇ ಪೂರ್ತಿ ತೆಗೆದುಬಿಡುತ್ತಾರೆ. ಆಮೇಲೆ ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಟ. ಕೆಲವು ತಿಂಗಳು ಕಳೆದ ಮೇಲೆ ಒಂದು ಯಂತ್ರ ಹಿಡಿದುಕೊಂಡು ಒಂದಿಷ್ಟು ಮಾತಾಡಬಹುದು ಎಂದು ಡಾಕ್ಟರು ಹೇಳಿದ್ದರು, ಆದರೆ ಅದು ಅವಳ ದನಿಯಾಗಿರುವುದಿಲ್ಲ. ಅವಳ ದನಿಗೆ ಉಳಿದಿದ್ದದ್ದು ಈ ಒಂದು ಹಗಲು. ಅದನ್ನು ಹಿಡಿದಿಟ್ಟುಕೊಳ್ಳಬೇಕೆಂದು ಅವನು ವಾರದಿಂದ ಗೋಗರೆಯುತ್ತಿದ್ದ, ಅವಳು ಬೇಡವೆನ್ನುತ್ತಿದ್ದಳು.

ಮುನೀಂದ್ರನ ಕಸುಬೇ ಸ್ಪೀಕರ್ ಮಾಡುವುದು. ಸಭೆ ಸಮಾರಂಭಕ್ಕೆ ಬೇಕಾದ ದೊಡ್ಡವಲ್ಲ. ಮೇಜಿನ ಮೇಲೆ ಕಂಪ್ಯೂಟರಿನ ಎರಡು ಪಕ್ಕಕ್ಕಿಟ್ಟುಕೊಂಡು ಕೈಯಳತೆಯ ದೂರದಲ್ಲಿ ಕೂತು ಕೇಳುವ ಸಣ್ಣವು. ಸಿನಿಮಾ ಹಾಡು ಮಿಕ್ಸ್ ಮಾಡುವ ಹುಡುಗರು, ಮಾರತ್ತಹಳ್ಳಿಯ ಪೀಜಿಗಳಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಮೇಜು ಸಿಕ್ಕಿಸಿಕೊಂಡು ಬದುಕುವವರು ಅವನ ಗಿರಾಕಿಗಳು. ಸಣ್ಣ ಕೋಣೆ ಮಹಾ ತಂಟೆಯದು ಎಂದು ಅವನು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದ. ಅಲ್ಲಿ ಸ್ಪೀಕರಿನ ಜೊತೆಗೆ ಗೋಡೆಯೂ ಮಾತಾಡುತ್ತದೆ, ಮೇಜಿನ ಹಲಗೆಯೂ ಒಂದು ಗಳಿಗೆ ತಡವಾಗಿ ಅದೇ ಮಾತನ್ನು ಆಡುತ್ತದೆ. ಈ ಗಲಾಟೆಯನ್ನೆಲ್ಲ ಮೊದಲೇ ಲೆಕ್ಕಕ್ಕೆ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಕೇಳಿಸುವ ಪೆಟ್ಟಿಗೆ ಮಾಡಬೇಕು, ಅದಕ್ಕೇ ಇದನ್ನು ಮಾನಿಟರ್ ಎನ್ನುವುದು. ಅಪ್ಪ ಬೈಲಪ್ಪ ನಾಗವಾರಪಾಳ್ಯದ ಹೊಲ ಸೈಟುಗಳಾದಾಗ ಉಳಿಸಿಕೊಂಡ ತುಂಡಿನಲ್ಲಿ ಕಟ್ಟಿಸಿದ ಮನೆಯ ಕೆಳಗಿನ ಕೋಣೆಯೇ ಅವನ ಕಾರ್ಖಾನೆ. ಬಾಡಿಗೆಗೆ ಕೊಡಬಹುದಾದ ಕೋಣೆಯಲ್ಲಿ ಮಗ ಡಬ್ಬಿ ಹೊಡೆಯುತ್ತಾನೆ ಎಂದು ಬೈಲಪ್ಪ ಸಾಯುವ ತನಕ ಗೊಣಗಿದ. ಯಮುನಾ ಮಾತ್ರ ಮೊದಲ ಜೋಡಿಯನ್ನು ಅಂಗೈ ಮೇಲಿಟ್ಟುಕೊಂಡು, ಎಷ್ಟ್ ಚಿಕ್ಕದು, ಗುಬ್ಬಿ ಇದ್ದಂಗಿದೆ ಅಂದಳು. ಅಂದಿನಿಂದ ಅದರ ಹೆಸರು ಗುಬ್ಬಿ ಎಂದೇ ಆಯಿತು.

ಮೇಲಿನಿಂದ ಅವಳ ದನಿ ಕೇಳಿಸಿತು. ಮಹಡಿಯ ಬಾಡಿಗೆ ಮನೆಯ ಭಾಗ್ಯಲಕ್ಷ್ಮಿ ಬಟ್ಟೆ ಒಣಹಾಕಲು ಬಂದಿದ್ದಳು, ಯಮುನಾ ಅವಳಿಗೆ ನಲ್ಲಿ ರಿಪೇರಿಯವನ ವಿಷಯ ವಿವರಿಸುತ್ತಿದ್ದಳು. "ಅವ್ನು ಬರಲ್ಲ ಭಾಗ್ಯ, ನೀನೇ ಹೋಗಿ ಎಳ್ಕೊಂಬಾ." ಒಡೆದ, ಹರಿದ, ಅರ್ಧಕ್ಕರ್ಧ ಗಾಳಿಯೇ ಆಗಿಹೋದ ದನಿ. ಮುನೀಂದ್ರ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿಸಿಕೊಂಡ. ನಲ್ಲಿಯವನಿಗಾಗಿ ಇಷ್ಟು ದನಿ ಖರ್ಚಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಬೆಳಗಿನಿಂದ ಹಾಲಿನವನಿಗೆ ಸ್ವಲ್ಪ ಹೋಗಿತ್ತು, ಕೆ.ಆರ್. ಪುರದಲ್ಲಿರುವ ಅವಳ ತಾಯಿ ಗಂಗಲಕ್ಷ್ಮಮ್ಮನಿಗೆ ಫೋನಿನಲ್ಲಿ ಬಹಳ ಹೋಗಿತ್ತು. ಆ ಮುದುಕಿಗೆ ಗಂಟಲಲ್ಲಿ ಸಣ್ಣ ಗಡ್ಡೆ, ಚಿಕ್ಕ ಆಪರೇಷನ್ನು ಎಂದಷ್ಟೇ ಹೇಳಿದ್ದರು. ಫೋನಿಡುವಾಗ ಇವಳು, "ಅಮ್ಮಾ, ನೀನೇ ಮಾತಾಡ್ತಿರು, ನಾನು ಕೇಳ್ತಿರ್ತೀನಿ" ಅಂದಿದ್ದಳು. ಹೆಂಡತಿ ಹೆತ್ತ ತಾಯಿಯೊಡನೆ ಆಡಿದ ಮಾತಿಗೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು, ಹೊಟ್ಟೆಕಿಚ್ಚು ಮಾತ್ರ ಕಡಿಮೆಯಾಗಲಿಲ್ಲ.

ಇಷ್ಟೊಂದು ಮೈಕುಗಳಿರುವ ಮನೆಯಲ್ಲಿ ಅವಳ ದನಿಯ ಒಂದು ತುಣುಕೂ ಇರಲಿಲ್ಲ ಎಂದರೆ ಯಾರೂ ನಂಬಲಾರರು. ಫೋನಿನ ವಿಡಿಯೋಗಳಲ್ಲಿ ಅಲ್ಲಿ ಇಲ್ಲಿ ಒಂದೊಂದು ಮಾತಿತ್ತು. ಮದುವೆಮನೆಯ ವಾಲಗದ ನಡುವೆ, ಮಗಳು ದಿವ್ಯಳ ಕಿರುಚಾಟದ ನಡುವೆ. ಅದನ್ನು ದನಿ ಎಂದು ಒಪ್ಪಿಕೊಳ್ಳಲು ಅವನ ಜಂಬ ಬಿಡುತ್ತಿರಲಿಲ್ಲ. ಅವನ ಕೆಲಸದ ರೀತಿಯೇ ಬೇರೆ. ಬೇರೆಯವರು ಗೊತ್ತಿರುವ ಹಾಡು ಹಾಕಿ ಸ್ಪೀಕರ್ ಹದ ಮಾಡುತ್ತಾರೆ. ರೆಕಾರ್ಡಾಗಿ ಕೂತದ್ದು ತಂಗಳು ಎಂಬುದು ಮುನೀಂದ್ರನ ವಾದ. ಯಮುನಾ ಮೇಲೆ ಮಲಗುವ ಕೋಣೆಯಲ್ಲಿ ಮೈಕಿನೆದುರು ಕೂತು ಓದಬೇಕು, ವೈರು ಮೆಟ್ಟಿಲಿಳಿದು ಕೆಳಗೆ ಬರಬೇಕು, ಇಲ್ಲಿ ಗುಬ್ಬಿಯ ಬಾಯಲ್ಲಿ ಅವಳ ದನಿ ಆ ಕ್ಷಣವೇ ಹೊರಡಬೇಕು. ಲೋಕದಲ್ಲಿ ನನಗೆ ಪೂರ್ತಿ ಗೊತ್ತಿರುವ ದನಿ ಒಂದೇ, ಅದು ಅದರ ಹಾಗೆಯೇ ಕೇಳಿಸಿತೆಂದರೆ ಸ್ಪೀಕರು ಸರಿಯಾಯಿತೆಂದು ಅರ್ಥ ಎನ್ನುತ್ತಿದ್ದ. ಮೊದಲ ಸಲ ಏನ್ ಓದ್ಲಿ ಎಂದು ಅವಳು ಕೂಗಿದಾಗ ಕೈಗೆ ಸಿಕ್ಕಿದ್ದನ್ನ ಓದು ಅಂದ. ಸಿಕ್ಕಿದ್ದು ವಾರಂಟಿ ಕಾರ್ಡು. ಆಮೇಲೆ ಹದ ತಪ್ಪಬಾರದೆಂದು ವರ್ಷಗಟ್ಟಲೆ ಅದನ್ನೇ ಓದಿಸಿದ. 'ನೀರು ತಾಗದಂತೆ ನೋಡಿಕೊಳ್ಳಿ. ಮುಂಭಾಗದ ಪೊರೆಯನ್ನು ಬೆರಳಿನಿಂದ ಒತ್ತಬೇಡಿ.' ಓದಿ ಮುಗಿಸಿ ಅವಳು ಏನಾದರೂ ಹರಟಲು ತೊಡಗಿದರೆ, ಸಾರಿನ ಉಪ್ಪಿನ ವಿಷಯವೋ ತಂಗಿಯ ಮನೆಯ ಜಗಳವೋ, ಅವನು ಗುಂಡಿ ತಿರುಗಿಸಿ ಮೈಕು ಆರಿಸಿ ಸೋಲ್ಡರ್ ಕಡ್ಡಿ ಎತ್ತಿಕೊಳ್ಳುತ್ತಿದ್ದ. ಅವಳು ಎಷ್ಟೋ ಹೊತ್ತು ಬರೀ ಗೋಡೆಗೆ ಹೇಳುತ್ತಿದ್ದಿರಬೇಕು.

"ರೀ, ಆಟೋ ಕರೀರಿ. ಹಲಸೂರಿಗೆ ಹೋಗ್ಬರೋಣ" ಎಂದಳು ಯಮುನಾ, ಮೆಟ್ಟಿಲ ಮೇಲೆ ನಿಂತು. ತಲೆಗೆ ಸ್ನಾನ ಮಾಡಿ ಹಸಿರು ಸೀರೆ ಉಟ್ಟಿದ್ದಳು.

"ಈಗ್ಲಾ? ಏನಕ್ಕೆ?"

"ಮಾರ್ಕೆಟ್ಟಿಗೆ. ಸೊಪ್ಪು ತರೋಕೆ."

"ಸೊಪ್ಪು ನಾನ್ ತರ್ತೀನಿ. ನೀನು ಸ್ವಲ್ಪ ಇಲ್ಲಿ ಕೂತ್ಕೋ. ಹತ್ತೇ ನಿಮಿಷ, ಯಮುನಾ."

"ನಿಮ್ಗೆ ಚೌಕಾಸಿ ಮಾಡೋಕ್ ಬರಲ್ಲ" ಅಂದು ಅವಳು ಚಪ್ಪಲಿ ಮೆಟ್ಟಿದಳು.

ಅವನಿಗೆ ಆಗ ಹೊಳೆದ ಉಪಾಯ ಅಷ್ಟೇನೂ ಮರ್ಯಾದೆಯದಲ್ಲ. ಅಂಗಿಯ ಒಳಗೆ ಎರಡನೇ ಗುಂಡಿಯ ಹತ್ತಿರ ಟಿವಿಯವರು ಸಿಕ್ಕಿಸಿಕೊಳ್ಳುವಂಥ ಪುಟ್ಟ ಮೈಕು ಸಿಕ್ಕಿಸಿ, ವೈರನ್ನು ಸೊಂಟದ ಬಳಿ ಇಳಿಸಿ, ರೆಕಾರ್ಡರನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಆಟೋದಲ್ಲಿ ಅವಳ ಕಡೆಗೆ ಎದೆ ತಿರುಗಿಸಿಕೊಂಡು ಕೂತ. ಹಳೇ ಮದ್ರಾಸ್ ರಸ್ತೆಯ ಲಾರಿ ಬಸ್ಸುಗಳೆಲ್ಲ ಅದರೊಳಗೆ ಹೋಗುತ್ತಿವೆ ಎಂದು ಗೊತ್ತಿದ್ದೂ ಅವಳ ಒಂದೊಂದು ಮಾತಿಗೂ ಅವನ ಮೈ ಮುಂದಕ್ಕೆ ಬಾಗುತ್ತಿತ್ತು. ಇಂದಿರಾನಗರದ ಮೆಟ್ರೋ ಕಂಬಗಳನ್ನು ನೋಡುತ್ತ ಅವಳು, ದಿವ್ಯ ಮೈಸೂರಿನಿಂದ ನಾಳೆ ಪರೀಕ್ಷೆ ಮುಗಿಸಿ ನೇರ ಆಸ್ಪತ್ರೆಗೆ ಬರುತ್ತಾಳೆ, ಬಂದವಳಿಗೆ ಊಟಕ್ಕೆ ಏನು ಮಾಡುತ್ತೀರಿ ಅಂದಳು. ಅವನು ಹೂಂ ಅಂದ. ಹೂಂ ಅನ್ನುವುದು ಊಟವೇ ಎಂದು ಕೇಳಿದಳು. ಅವನ ಜೇಬಿನಲ್ಲಿ ರೆಕಾರ್ಡರು ಬೆಚ್ಚಗಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ, ಸಂಕ್ರಾಂತಿಯ ಹತ್ತಿರ ಹತ್ತಿರ, ಗುಬ್ಬಿಯ ಹೊಸ ಮಾದರಿ ಮುಗಿಯುವ ಹಂತಕ್ಕೆ ಬಂದಿತ್ತು. ಸಣ್ಣ ಸ್ಪೀಕರಿನಲ್ಲಿ ತೆಳ್ಳಗಿನ ಸದ್ದಿಗೊಂದು ಬಾಯಿ, ದಪ್ಪ ಸದ್ದಿಗೊಂದು ಬಾಯಿ. ಒಂದು ಬಿಟ್ಟಲ್ಲಿಂದ ಇನ್ನೊಂದು ಹಿಡಿಯಬೇಕು, ಕೇಳುವವನಿಗೆ ಬೆಸುಗೆ ಕಾಣಬಾರದು. ಮನುಷ್ಯರ ಮಾತು ಸರಿಯಾಗಿ ಆ ಬೆಸುಗೆಯ ಮೇಲೆಯೇ ಬಂದು ಕೂರುತ್ತದೆ. ಒಂದು ದಿನ ಅವಳು ಓದುವಾಗ ಅಲ್ಲಿ ಒಂದು ಕರಕರ ಕೇಳಿಸಿತು. ಬಹಳ ಸಣ್ಣದು, ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿದಷ್ಟು. ಜೊತೆಗಾರ ವಸಂತ್ ಅಳತೆಯ ಮೈಕು ಇಟ್ಟು ನೋಡಿ, "ಗುರು, ಗ್ರಾಫ್ ನೀಟಾಗಿದೆ, ಯಾಕ್ ಸುಮ್ನೆ ಕೈ ಹಾಕ್ತೀಯ?" ಅಂದ. ಗ್ರಾಫ್ ನೋಡಿ ಕೇಳೋರಿಗೆ ಕಿವಿ ಯಾಕೆ ಬೇಕು ಎಂದು ಮುನೀಂದ್ರ ಅವನನ್ನು ಹಂಗಿಸಿದ. ರೆಸಿಸ್ಟರು ಬದಲಿಸಿದ. ಕರಕರ ಹೋಯಿತು. ಹದಿನೈದು ದಿನ ಬಿಟ್ಟು ಮತ್ತೆ ಬಂತು. ಮೇಜಿನ ಹಲಗೆಯ ತಂಟೆ ಎಂದುಕೊಂಡು ಮೇಜಿಗೆ ಕಂಬಳಿ ಹಾಸಿದ, ಕೆಪಾಸಿಟರು ಬದಲಿಸಿದ, ಆ ಜಾಗದ ಸದ್ದನ್ನು ಇನ್ನೊಂದು ಚೂರು ತಗ್ಗಿಸಿದ. ಮತ್ತೆ ಅವಳ ದನಿ ಅವಳ ದನಿಯಾಯಿತು. ಹೀಗೆ ಯುಗಾದಿ ಕಳೆಯುವ ತನಕ ಅವನು ಅವಳನ್ನು ಓದಿಸಿದ, ಅದನ್ನು ತಗ್ಗಿಸಿದ, ಸರಿಯಾಯಿತೆಂದು ಹಿಗ್ಗಿದ. ಹದಗೆಡುತ್ತಿರುವುದು ಮೇಲಿನ ಕೋಣೆಯಲ್ಲಿ ಕೂತವಳ ಗಂಟಲೇ ಇರಬಹುದು ಎಂಬ ಯೋಚನೆ ಅವನ ತಲೆಯ ಹತ್ತಿರವೂ ಸುಳಿಯಲಿಲ್ಲ. ಊಟಕ್ಕೆ ಕೂತಾಗ ಎದುರಿಗೇ ಅದೇ ದನಿ ಇರುತ್ತಿತ್ತು, ಆದರೆ ಊಟದ ಹೊತ್ತಿನಲ್ಲಿ ಅವನು ಕಿವಿಗೆ ರಜೆ ಕೊಡುತ್ತಿದ್ದ.

ಆ ಗುಬ್ಬಿ ಚೆನ್ನಾಗಿ ಓಡಿತು. ಕೇಳಿದವರೆಲ್ಲ ಒಂದೇ ಮಾತು ಬರೆದರು: ಇದರಲ್ಲಿ ಹೆಂಗಸರ ದನಿ ಎಷ್ಟು ಮೆತ್ತಗೆ ಕೇಳುತ್ತದೆ, ಎಲ್ಲೂ ಚುಚ್ಚುವುದಿಲ್ಲ. ಆಷಾಢದಲ್ಲಿ ಡಾಕ್ಟರು ಅವಳ ಮೂಗಿನೊಳಗಿಂದ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದಾಗ, ಆ ಬಿಳಿ ಗಂಟನ್ನು ನೋಡಿದಾಕ್ಷಣ ಮುನೀಂದ್ರನಿಗೆ ಅದರ ಸದ್ದು ಗೊತ್ತಾಯಿತು. ಯಾವಾಗಿಂದ ದನಿ ಹೀಗಿದೆ ಎಂದು ಕೇಳಿದರು ಡಾಕ್ಟರು. ಒಂದ್ ತಿಂಗ್ಳಿಂದ ಅಂದಳು ಯಮುನಾ. ಒಂದು ತಿಂಗಳಲ್ಲಿ ಇಷ್ಟು ಬೆಳೆಯೋದಿಲ್ಲಮ್ಮ, ಚಳಿಗಾಲದಲ್ಲೇ ಬಂದಿದ್ರೆ ಬರೀ ರೇಡಿಯೇಷನ್‌ನಲ್ಲಿ ಮುಗಿಸ್ಬಹುದಿತ್ತು, ದನಿ ಉಳೀತಿತ್ತು, ಮನೇಲಿ ಯಾರೂ ಗಮನಿಸ್ಲಿಲ್ವಾ ಅಂದರು. ಮುನೀಂದ್ರ ಗೋಡೆಯ ಮೇಲಿದ್ದ ಕಿವಿಯ ಚಿತ್ರಪಟವನ್ನು ನೋಡುತ್ತ ಕೂತಿದ್ದ. ಆ ಚಿತ್ರದಲ್ಲಿ ಕಿವಿಯ ಒಳಗಿನ ಬಸವನಹುಳುವಿನಂಥ ಸುರುಳಿಗೆ ನೀಲಿ ಬಣ್ಣ ಬಳಿದಿದ್ದರು.

ಹಲಸೂರು ಮಾರ್ಕೆಟ್ಟಿನ ಬೀದಿಯಲ್ಲಿ ಅವಳು ಮದುವೆಮನೆಗೆ ಬಂದವಳಂತೆ ಓಡಾಡಿದಳು. ದಂಟಿನ ಸೊಪ್ಪಿನವಳ ಹತ್ತಿರ ಕಂತೆ ಬಾಡಿದೆ ಎಂದು ವಾದಿಸಿ, ತೆಂಗಿನಕಾಯಿಯವನ ಹತ್ತಿರ ನೀರಿಲ್ಲವೆಂದು ಅಲುಗಾಡಿಸಿ ತೋರಿಸಿ, ಬೇಡದ ನಿಂಬೆಹಣ್ಣಿಗೂ ಜಗಳ ತೆಗೆದಳು. ಅವರಿಗೆ ಅರ್ಧ ಕೇಳಿಸದೆ ಏನಮ್ಮಾ ಏನಮ್ಮಾ ಅನ್ನುತ್ತಿದ್ದರು, ಇವಳು ಬಿಡದೆ ಬಗ್ಗಿ ಅವರ ಕಿವಿಯ ಹತ್ತಿರ ಹೇಳುತ್ತಿದ್ದಳು. ಮುನೀಂದ್ರ ಚೀಲ ಹಿಡಿದು, ಎದೆ ಮುಂದು ಮಾಡಿ, ಅವಳ ಬೆನ್ನಿಗಂಟಿಕೊಂಡು ನಡೆದ. ಗುಡಿಯ ಹತ್ತಿರ ಹೂ ಮಾರುವ ಗೋವಿಂದಮ್ಮ ಅವಳನ್ನು ನೋಡಿದ್ದೇ ತಮಿಳಿನಲ್ಲಿ ಶುರು ಮಾಡಿ ಕನ್ನಡಕ್ಕೆ ಬಂದಳು. "ವಾಮ್ಮಾ ವಾ, ಎಷ್ಟ್ ದಿನ ಆಯ್ತು. ಏನಮ್ಮಾ ದನಿ ಹಿಂಗಾಗೋಗಿದೆ? ಐಸ್‌ಕ್ರೀಮ್ ತಿಂದ್ಯಾ?"

"ತಿಂದ್ಬಿಟ್ಟೆ ಗೋವಿಂದಮ್ಮ. ಇವ್ರೇ ಕೊಡಿಸ್ಬಿಟ್ರು" ಎಂದು ಯಮುನಾ ಗಂಡನ ಕಡೆ ಗಲ್ಲ ತೋರಿಸಿದಳು.

"ಇವ್ರಾ! ಇವ್ರು ಮಾತಾಡಿದ್ದೇ ನೋಡಿಲ್ಲ ನಾನು, ಐಸ್‌ಕ್ರೀಮ್ ಬೇರೆ ಕೊಡಿಸ್ತಾರಾ? ಶುಂಠಿ ಸುಟ್ಟು ಜೇನುತುಪ್ಪದಲ್ಲಿ ತಿನ್ನಮ್ಮ, ಎಲ್ಡೇ ದಿನಕ್ಕೆ ಬಂದ್ಬಿಡ್ತೈತೆ ದನಿ. ಬಂದು ನನ್ ಹತ್ರ ಜಗಳ ಆಡ್ವಂತೆ."

ಯಮುನಾ ನಕ್ಕಳು. ಆ ನಗುವಿನಲ್ಲಿ ಸದ್ದಿಗಿಂತ ಉಸಿರೇ ಹೆಚ್ಚಿತ್ತು. ಆಗಲಿ, ಬರ್ತೀನಿ, ಜಗಳಕ್ಕೇ ಬರ್ತೀನಿ ಅಂದು ಮಲ್ಲಿಗೆ ಮೊಳ ಹಾಕಿಸಿಕೊಂಡಳು. ಮುನೀಂದ್ರನಿಗೆ ಅಲ್ಲಿಯೇ, ಹೂವಿನ ಬುಟ್ಟಿಗಳ ನಡುವೆ, ಕುಸಿದು ಕೂತು ಅತ್ತುಬಿಡಬೇಕು ಅನ್ನಿಸಿತು.

ವಾಪಸು ಬರುವಾಗ ಹಲಸೂರು ಕೆರೆಯ ಪಕ್ಕ ಆಟೋ ಸಿಗ್ನಲ್ಲಿಗೆ ನಿಂತಿತು. ಹೂವಿನ ಪೊಟ್ಟಣ ಜಾರಿ ಬಿತ್ತೆಂದು ಅವನು ಬಗ್ಗಿದಾಗ ಅಂಗಿಯ ಸಂದಿನಿಂದ ಕರಿಯ ವೈರು ಹೊರಗಿಣುಕಿತು. ಅವಳು ಎರಡು ಬೆರಳಲ್ಲಿ ಅದನ್ನು ಹಿಡಿದು ಮೆಲ್ಲಗೆ ಎಳೆದಳು. ಮೊದಲು ವೈರು, ಆಮೇಲೆ ಮೈಕು, ಕಡೆಗೆ ಅವನ ಜೇಬಿನಿಂದ ರೆಕಾರ್ಡರೂ ಬಂತು. ಅದರ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಬಯ್ಯುತ್ತಾಳೆ ಎಂದು ಅವನು ಕಾದ. ಬಯ್ದರೆ ಬಯ್ಗುಳವಾದರೂ ಅದರಲ್ಲಿ ಉಳಿಯುತ್ತದಲ್ಲ ಎಂಬ ದುರಾಸೆ ಆ ಹೊತ್ತಿನಲ್ಲೂ ತಲೆಯೆತ್ತಿತು. ಅವಳು ಬಯ್ಯಲಿಲ್ಲ. ದೀಪ ಆರಿಸಿ, ವೈರನ್ನು ನೂಲುಂಡೆಯಂತೆ ಬೆರಳಿಗೆ ಸುತ್ತಿ ಸೊಪ್ಪಿನ ಚೀಲದೊಳಗೆ ಹಾಕಿದಳು. ನಾಗವಾರಪಾಳ್ಯ ಬರುವ ತನಕ ಒಂದು ಮಾತೂ ಆಡಲಿಲ್ಲ. ಹೋಗುವಾಗ ಮಾತಾಡಿದ್ದವಳು ಬರುವಾಗಲೂ ಮಾತಾಡಿರುತ್ತಿದ್ದಳು, ಅಷ್ಟು ದೂರದ ಮಾತು ತನ್ನ ಕೈಯಾರೆ ಹೋಯಿತು ಎಂದು ಅವನು ರಸ್ತೆಯುದ್ದಕ್ಕೂ ತನ್ನನ್ನೇ ಶಪಿಸಿಕೊಂಡ.

ಮನೆಗೆ ಬಂದು ಅವಳು ಬಸ್ಸಾರು ಮಾಡಿದಳು, ಮುದ್ದೆ ತೊಳಸಿ ಅವನಿಗೆ ಬಡಿಸಿದಳು, ತಾನು ನುಂಗಲಾರದೆ ಗಂಜಿ ಕುಡಿದಳು. ಹೆಚ್ಚಿದ್ದ ಸಾರನ್ನು ಡಬ್ಬಿಗೆ ಹಾಕಿ ದಿವ್ಯಳಿಗೆಂದು ಫ್ರಿಜ್ಜಿನಲ್ಲಿಟ್ಟಳು. ಮುನೀಂದ್ರ ಕೆಳಗೆ ಬಂದು ಸುಮ್ಮನೆ ಗುಬ್ಬಿಗಳ ಎದುರು ಕೂತ. ಮರದ ಕುರ್ಚಿ ಖಾಲಿ ಇತ್ತು, ಅದನ್ನು ಮೇಲೆ ಒಯ್ದಿಡಬೇಕು ಅಂದುಕೊಂಡ. ಆಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅವಳು ಬಂದು ಕುರ್ಚಿಯ ಮೇಲೆ ಕೂತಳು, ಸೆರಗಿನಿಂದ ಕೈ ಒರೆಸಿಕೊಂಡಳು, ಬಾಯಿಗೆ ಅಡ್ಡವಾಗಿದ್ದ ಮೈಕನ್ನು ಪಕ್ಕಕ್ಕೆ ತಳ್ಳಿದಳು.

"ಆನ್ ಮಾಡಿದೀರಾ?"

"ಇಲ್ಲ." ಅವನ ಕೈ ತಾನಾಗಿಯೇ ಗುಂಡಿಯ ಕಡೆ ಹೋಗಿತ್ತು.

"ಮಾಡ್ಬೇಡಿ. ಸುಮ್ನೆ ಕೇಳಿ." ಸ್ವಲ್ಪ ಹೊತ್ತು ಉಸಿರೆಳೆದುಕೊಂಡಳು. "ಸಂಕ್ರಾಂತಿ ಟೈಮಲ್ಲಿ ನೀವು ಇಲ್ಲಿ ಸೋಲ್ಡರ್ ಹಿಡ್ಕೊಂಡು ಒದ್ದಾಡ್ತಿದ್ರಲ್ಲ. ನನ್ಗೆ ಆವಾಗ್ಲೇ ಗೊತ್ತಿತ್ತು ರೀ."

"ಏನ್ ಗೊತ್ತಿತ್ತು?"

"ಕೆಟ್ಟಿರೋದು ನನ್ ಗಂಟ್ಲು ಅಂತ. ಗುಬ್ಬೀದೇನೂ ತಪ್ಪಿಲ್ಲ ಅಂತ."

ಇಷ್ಟು ದಿನ ಈ ಸಂಗತಿ ತನ್ನೊಬ್ಬನಿಗೇ ಗೊತ್ತು, ಹೇಳಿದರೆ ಅವಳು ಒಡೆದುಹೋಗುತ್ತಾಳೆ ಎಂದು ಅವನು ಅದನ್ನು ಎದೆಯೊಳಗೆ ಇಟ್ಟುಕೊಂಡು ತಿರುಗಿದ್ದ. ಅವಳು ಅದನ್ನು ನಲ್ಲಿ ರಿಪೇರಿಯ ಸುದ್ದಿಯಷ್ಟು ಸಲೀಸಾಗಿ ಎತ್ತಿ ಮೇಜಿನ ಮೇಲಿಟ್ಟಿದ್ದಳು.

"ಓದೋಕ್ ಮುಂಚೆ ಉಪ್ಪುನೀರು ಮುಕ್ಕಳಿಸ್ತಿದ್ದೆ. ಮೆಣಸು ಅಗೀತಿದ್ದೆ. ಆದಷ್ಟೂ ಮೊದ್ಲಿನ ತರಾನೇ ಓದ್ಬೇಕು ಅಂತ. ಕೆಲವು ದಿನ ಆಗ್ತಿತ್ತು, ಕೆಲವು ದಿನ ಆಗ್ತಿರ್ಲಿಲ್ಲ. ಆಗ್ದೇ ಇದ್ದಾಗ ನೀವು ಏನೋ ಕಿತ್ತು ಏನೋ ಹಾಕ್ತಿದ್ರಿ. ಆಮೇಲೆ ಕೆಳಗಿಂದ ಕೂಗ್ತಿದ್ರಲ್ಲ, ಈಗ ಸರಿಯಾಯ್ತು ಯಮುನಾ ಅಂತ." ಅವಳು ನಿಲ್ಲಿಸಿ ನೀರು ಕುಡಿದಳು. ನುಂಗುವಾಗ ಮುಖ ಕಿವುಚಿತು. "ನೀವು ಈ ಮನೇಲಿ ಅಷ್ಟ್ ಜೋರಾಗಿ ನನ್ ಹೆಸರು ಕೂಗ್ತಿದ್ದಿದ್ದು ಆವಾಗ ಮಾತ್ರ. ಅದು ಕೇಳ್ಬೇಕಿತ್ತು ನನ್ಗೆ."

"ಹೇಳ್ಬಾರ್ದಾಗಿತ್ತಾ ಯಮುನಾ? ಒಂದ್ ಮಾತು?"

"ಹೇಳ್ಬೋದಿತ್ತು. ಏನಾಗಿದೆ ನಿನ್ಗೆ ಅಂತ ನೀವು ಕೇಳ್ಬೋದಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಗಂಟ್ಲಿಗೆ ಇಂಥದ್ದು ಬರುತ್ತೆ ಅಂತ ಯಾರಿಗ್ ಗೊತ್ತಿತ್ತು, ಬಿಡಿ. ಶೀತ ಅನ್ಕೊಂಡೆ. ಆಮೇಲೆ ಭಯ ಆಯ್ತು, ಭಯಕ್ಕೇ ಸುಮ್ನಾದೆ. ಡಾಕ್ಟ್ರ ಹತ್ರ ಒಂದ್ ತಿಂಗ್ಳು ಅಂದಿದ್ದು ನಿಮ್ ಮುಖ ನೋಡಿ. ಅಲ್ಲೇ ಬಿದ್ದೋಗ್ತೀರ ಅನ್ನಿಸ್ತು."

"ಈಗ್ಲಾದ್ರೂ ಒಂಚೂರು ರೆಕಾರ್ಡ್ ಮಾಡ್ಕೋತೀನಿ. ಕಾಲಿಗ್ ಬೀಳ್ತೀನಿ. ನಾಳೆ ಆದ್ಮೇಲೆ ನನ್ ಹತ್ರ ಏನೂ ಇರಲ್ಲ."

ಅವಳು ತಲೆಯಾಡಿಸಿದಳು. "ಇದನ್ನ ಇಟ್ಕೊಂಡು ಏನ್ ಮಾಡ್ತೀರಾಂತ ನನ್ಗೊತ್ತು. ದಿನಾ ಇಲ್ಲಿ ಕೂತ್ಕೊಂಡು ಈ ಕರಕರಾನ ತೆಗೆಯೋಕ್ ನೋಡ್ತೀರ. ನಾನು ಮೇಲೆ ಮಲ್ಗಿರ್ತೀನಿ, ನೀವು ಕೆಳಗೆ ನನ್ನ ರಿಪೇರಿ ಮಾಡ್ತಿರ್ತೀರ. ಬೇಡ. ನೀವು ಮೇಲ್ ಬಂದು ನನ್ ಹತ್ರ ಕೂತ್ಕೋಬೇಕು."

ಅದು ಸುಳ್ಳೆಂದು ಹೇಳಲು ಅವನು ಬಾಯಿ ತೆರೆದ. ನಿಜ ಹೇಳಬೇಕೆಂದರೆ, ಯಾವ ಜಾಗವನ್ನು ಎಷ್ಟು ತಗ್ಗಿಸಿದರೆ ಹಳೆಯ ದನಿಯ ಹತ್ತಿರ ಹೋಗಬಹುದು ಎಂದು ಅವನು ಆಗಲೇ ಮನಸ್ಸಿನಲ್ಲಿ ಲೆಕ್ಕ ಹಾಕಿಟ್ಟಿದ್ದ.

"ಈಗ ನೀವ್ ಮಾತಾಡಿ" ಅಂದಳು. "ನಾಳೆಯಿಂದ ಈ ಮನೇಲಿ ಮಾತಾಡೋರು ನೀವೊಬ್ರೇ. ಅಭ್ಯಾಸ ಮಾಡ್ಕೊಳ್ಳಿ."

"ಏನ್ ಮಾತಾಡ್ಲಿ?"

"ಏನಾದ್ರೂ."

ಅವನು ಕೋಣೆಯ ಸುತ್ತ ನೋಡಿದ. ಹಲಗೆ ತುಂಡುಗಳು, ವೈರಿನ ಸುರುಳಿಗಳು, ಮೇಜಿನ ಮೇಲೆ ಎರಡು ಗುಬ್ಬಿಗಳು. ಇಪ್ಪತ್ತು ವರ್ಷ ಜೊತೆಗಿದ್ದವಳಿಗೆ ಹೇಳಬೇಕಾದದ್ದು ಎಷ್ಟೋ ಇದ್ದಿರಬೇಕು, ಆದರೆ ಆ ಮಾತುಗಳಿರಬೇಕಾದ ಕಡೆ ಕೈಯಿಟ್ಟರೆ ಏನೂ ಸಿಗುತ್ತಿರಲಿಲ್ಲ. ಕಡೆಗೆ, "ಆ ಮೂರನೇ ರೆಸಿಸ್ಟರಿದೆಯಲ್ಲ, ಅದು..." ಅಂದ. ಯಮುನಾ ನಗತೊಡಗಿದಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಅವನು ಎದ್ದು ಅವಳ ಬೆನ್ನು ಸವರಿದ. ಸವರುತ್ತ ಸವರುತ್ತ ಅಳು ಬಂತು. ತಡೆದುಕೊಳ್ಳದೆ ಅವಳ ಭುಜಕ್ಕೆ ಹಣೆಯೊತ್ತಿ, ಊರಿಗೆಲ್ಲ ಕೇಳುವ ಹಾಗೆ ಅತ್ತ. ಅಳುವಾಗ ಅವನ ದನಿ ಅಪ್ಪನ ದನಿಯ ಹಾಗೆ ಒರಟಾಗಿತ್ತು. ಅವಳು, "ಜೋರಾಗೇ ಅಳ್ತೀರಲ್ಲ, ಗೊತ್ತೇ ಇರ್ಲಿಲ್ಲ" ಅಂದಳು.

ಸಂಜೆ ಆಸ್ಪತ್ರೆಗೆ ಹೊರಟಾಗ ಶಿವಾಜಿನಗರದ ಕಡೆಯ ರಸ್ತೆಗಳೆಲ್ಲ ಕಿಕ್ಕಿರಿದಿದ್ದವು. ಟ್ಯಾಕ್ಸಿ ಅಂಗುಲಂಗುಲ ಸರಿಯುತ್ತಿತ್ತು. ಯಮುನಾ ದಾರಿಯುದ್ದಕ್ಕೂ ದಿವ್ಯಳ ಜೊತೆ ಫೋನಿನಲ್ಲಿ ಮಾತಾಡಿದಳು. ಸಾರು ಫ್ರಿಜ್ಜಿನಲ್ಲಿದೆ, ಅಪ್ಪನಿಗೆ ರಾತ್ರಿ ಬೆನ್ನು ನೋವು ಬರುತ್ತೆ, ಯಾವನಾದ್ರೂ ಇಷ್ಟ ಆಗಿದ್ರೆ ನನ್ಗೆ ಹೇಳ್ಬೇಕಿತ್ತು, ಪರವಾಗಿಲ್ಲ ನಾಳೆ ಹೇಳು, ನಾನು ಬರೀ ಕೇಳ್ತೀನಿ, ಬಯ್ಯೋಕಾಗಲ್ಲವಲ್ಲ. ಆ ಕಡೆಯಿಂದ ಮಗಳ ಅಳು ಕೇಳಿಸುತ್ತಿತ್ತು. ಮಸೀದಿಯ ಆಜಾನ್ ಶುರುವಾದಾಗ ಇವಳು ಫೋನನ್ನು ಇನ್ನಷ್ಟು ಕಿವಿಗೊತ್ತಿಕೊಂಡು, ಇದ್ದ ಬದ್ದ ದನಿಯನ್ನೆಲ್ಲ ಒಟ್ಟುಮಾಡಿ ಮಾತಾಡಿದಳು. ಮುನೀಂದ್ರ ಈ ಸಲ ತನಗೆಷ್ಟು ಉಳಿಯಿತು ಎಂದು ಎಣಿಸಲಿಲ್ಲ. ಅವಳ ಮಡಿಲಲ್ಲಿದ್ದ ಕೈಯನ್ನು ಹಿಡಿದುಕೊಂಡು ಕೂತ.

ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ ತಲೆಯೆತ್ತದೆ ಪೇಷಂಟ್ ಹೆಸ್ರು ಅಂದಳು. ಮುನೀಂದ್ರ ಬಾಯಿ ತೆರೆಯುವಷ್ಟರಲ್ಲಿ ಯಮುನಾ ಅವನ ಮೊಣಕೈ ಹಿಂಡಿ, ತಾನೇ ಮುಂದೆ ಬಗ್ಗಿ ಹೆಸರು ಹೇಳಿದಳು. ಹುಡುಗಿಗೆ ಕೇಳಿಸಿತು, ಟೈಪು ಮಾಡಿಕೊಂಡಳು. ವಯಸ್ಸು ಕೇಳಿದಳು. ಅದನ್ನೂ ಯಮುನಾಳೇ ಹೇಳಿದಳು, ಎರಡು ಸಲ ಹೇಳಬೇಕಾಯಿತು. ರಾತ್ರಿ ಜೊತೆಗೆ ಯಾರಿರ್ತಾರೆ ಎಂದಾಗ ಅವನ ಕಡೆ ಕೈ ತೋರಿಸಿದಳು.

"ಇವ್ರು ನಿಮ್ಗೆ ಏನಾಗ್ಬೇಕು?"

ಯಮುನಾ ಅವನನ್ನು ನೋಡಿದಳು. ತುಟಿ ಅಲುಗಿತು, ಒಂದೆರಡು ಮಾತಿಗಾಗುವಷ್ಟು ಅಲುಗಿತು. ಸದ್ದು ಬರಲಿಲ್ಲ. ಗಂಟಲಿಗೆ ಕೈಯಿಟ್ಟುಕೊಂಡು ಮತ್ತೆ ಪ್ರಯತ್ನಿಸಿದಳು. ಹುಡುಗಿ ಈಗ ತಲೆಯೆತ್ತಿ, "ಏನಂದ್ರು ಸಾರ್?" ಎಂದು ಮುನೀಂದ್ರನನ್ನು ಕೇಳಿದಳು.

ಅವನಿಗೂ ಕೇಳಿಸಿರಲಿಲ್ಲ. ಗಂಡ ಅನ್ನಲು ಅಷ್ಟು ಹೊತ್ತು ಬೇಕಿರಲಿಲ್ಲ, ಅವಳು ಬೇರೇನೋ ಹೇಳಿದ್ದಳು. ಅವನು ಅವಳ ಬಾಯಿಯ ಹತ್ತಿರ ಕಿವಿ ತಂದು, "ಏನಂದೆ ಯಮುನಾ?" ಎಂದು ಕೇಳಿದ. ಅವಳ ತುಟಿ ಅವನ ಕಿವಿಗೆ ತಾಗಿತು. ಬೆಚ್ಚಗಿನ ಉಸಿರು ಬಂತು, ನಿಂತಿತು, ಮತ್ತೆ ಬಂತು. ಹಿಂದಿನ ಸಾಲಿನಲ್ಲಿದ್ದವರು ಫೈಲು ಹಿಡಿದು ಮುಂದಕ್ಕೆ ಒತ್ತುತ್ತಿದ್ದರು.

"ಸಾರ್, ಹಸ್ಬೆಂಡ್ ಅಂತ ಹಾಕ್ಕೊಳ್ಲಾ?" ಅಂದಳು ಹುಡುಗಿ.

"ಒಂದ್ನಿಮಿಷ ತಾಳಮ್ಮ" ಅಂದ ಮುನೀಂದ್ರ, ಕಿವಿಯನ್ನು ಅಲ್ಲಿಂದ ಕದಲಿಸದೆ. "ಅವ್ಳಿನ್ನೂ ಹೇಳ್ತಾ ಇದ್ದಾಳೆ."